ಜಾಂಬೋಟಿ ಕಡೆಯ ನಮ್ಮ ಕಾಫಿ ತೋಟ: ಮರ ಆರಿಸಿದ್ದು, ಹಕ್ಕಿ ಬಂದದ್ದು

ನೆರಳಿನ ಕಾಫಿ ತೋಟದಲ್ಲಿ ಹಕ್ಕಿಗಳು ಜಾಸ್ತಿ ಅನ್ನೋ ಮಾತು ಈಗ ಎಲ್ಲರೂ ಆಡುತ್ತಾರೆ. ಮಾತು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತೋಟ ಮಾಡುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಹಕ್ಕಿಗೆ ಬೇಕಾದದ್ದು ಊಟ ಮತ್ತು ಗೂಡಿಗೆ ಜಾಗ. ನೆರಳು ಬೇಕಾದದ್ದು ಕಾಫಿ ಗಿಡಕ್ಕೆ. ಎರಡೂ ಒಂದೇ ಮರದಿಂದ ಸಿಗಬಹುದು, ಎಲ್ಲಾ ಮರದಿಂದ ಸಿಗುವುದಿಲ್ಲ. ಹಾಗಾಗಿ ನಮ್ಮ ತೋಟದಲ್ಲಿ ಮರಗಳನ್ನು ಆರಿಸಿದ್ದು ತಿಂಗಳ ಲೆಕ್ಕದಲ್ಲಿ. ವರ್ಷದ ಯಾವ ತಿಂಗಳಲ್ಲಿ ಬಂದು ಕೂತರೂ ಹಕ್ಕಿಗೆ ತಿನ್ನಲು ಏನಾದರೂ ಇರಬೇಕು. ಇಷ್ಟೇ ನಾನು ಹಿಡಿದ ನಿಯಮ. ಅದನ್ನು ಹೇಗೆ ಮಾಡಿದೆವು ಅಂತ ಬರೆಯುತ್ತೇನೆ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಪಶ್ಚಿಮಕ್ಕೆ ಜಮೀನು ಇರುವವರಿಗೆ ಉಪಯೋಗ ಆಗಬಹುದು.

ನಾನು ಇಲ್ಲಿಯವನೇ. ಆದರೆ ಕಾಫಿ ಕಲಿತದ್ದು ಮೂಡಿಗೆರೆ ಕಡೆ. ಅಲ್ಲಿ ಒಂದು ಎಸ್ಟೇಟ್‌ನಲ್ಲಿ ರೈಟರ್ ಆಗಿ ಬಹಳ ವರ್ಷ ಕೆಲಸ ಮಾಡಿದೆ. ಬೆಳಗ್ಗೆ ಹಾಜರಿ ಹಾಕೋದು, ಕೆಲಸ ಹಂಚೋದು, ಸಂಜೆ ಹಣ್ಣು ತೂಗಿ ಬರೆದುಕೊಳ್ಳೋದು. ಕೊಯ್ಲಿನ ಕಾಲಕ್ಕೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಜನ ಬರುತ್ತಿದ್ದರು. ಮಾತಿನ ಧಾಟಿ ಕೇಳಿದ ಕೂಡಲೇ ಊರಿನವರು ಸಿಕ್ಕಷ್ಟು ಖುಷಿ ಆಗುತ್ತಿತ್ತು. ಆ ಎಸ್ಟೇಟ್‌ನಲ್ಲಿ ಎರಡು ತರಹದ ಭಾಗಗಳಿದ್ದವು. ಒಂದು ಕಡೆ ಹಳೆಯ ಕಾಡುಮರಗಳನ್ನೇ ಉಳಿಸಿಕೊಂಡು ಬಂದ ಭಾಗ. ಅಲ್ಲಿ ಗೋಣಿ, ಬಸರಿ, ಅತ್ತಿ, ನಂದಿ, ಹೊನ್ನೆ, ಹಲಸು, ನೇರಳೆ ಎಲ್ಲಾ ಸೇರಿಕೊಂಡು ಮೇಲೆ ಛತ್ರಿ ಕಟ್ಟಿದ್ದವು. ಇನ್ನೊಂದು ಕಡೆ ಪೂರ್ತಿ ಸಿಲ್ವರ್ ಓಕ್, ಸಾಲಾಗಿ ನೆಟ್ಟದ್ದು, ನೋಡಲು ಬಲು ಅಂದ. ಹಾಜರಿ ಹಾಕಲು ಎರಡೂ ಕಡೆ ಓಡಾಡಬೇಕಿತ್ತಲ್ಲ, ದಿನಾ ಬೆಳಗ್ಗೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತಿತ್ತು. ಹಳೆಯ ಮರಗಳ ಭಾಗದಲ್ಲಿ ಮಾತಾಡಿದ್ದು ಕೇಳಿಸದಷ್ಟು ಗದ್ದಲ. ಸಿಲ್ವರ್ ಓಕ್ ಸಾಲಿಗೆ ಬಂದರೆ ಹತ್ತು ಹೆಜ್ಜೆಯಲ್ಲೇ ಗದ್ದಲ ನಿಂತೇ ಹೋಗುತ್ತಿತ್ತು. ಎರಡೂ ಕಡೆ ನೆರಳಿತ್ತು. ಕಾಫಿಯೂ ಚೆನ್ನಾಗಿತ್ತು.

ಸಿಲ್ವರ್ ಓಕ್ ಯಾಕೆ ಇಷ್ಟು ಹಬ್ಬಿತು ಅನ್ನೋದಕ್ಕೆ ಕಾರಣ ಇದೆ, ಅದನ್ನು ಹಾಕಿದವರನ್ನು ಬೈಯುವಂತಿಲ್ಲ. ಅದು ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದ ಕಂಬ. ಎಲ್ಲಕ್ಕಿಂತ ಮುಖ್ಯವಾಗಿ ಕಡಿಯಲು ಅನುಮತಿ ಬೇಡ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಸ್ವಂತ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಸಿಲ್ವರ್ ಓಕ್‌ಗೆ ಅದರಲ್ಲಿ ವಿನಾಯಿತಿ. ಮಗಳ ಮದುವೆಗೆ ದುಡ್ಡು ಬೇಕಾದಾಗ ನಾಳೆಯೇ ಕಡಿದು ಮಾರಬಹುದಾದ ಮರವನ್ನು ಯಾರು ಬೇಡ ಅಂತಾರೆ? ಒಳ್ಳೆ ಉದ್ದೇಶದ ಕಾಯ್ದೆಯೇ ಜನರನ್ನು ನಮ್ಮ ಮರಗಳಿಂದ ದೂರ ತಳ್ಳಿತು ಅಂತ ನನಗೆ ಅನಿಸುತ್ತದೆ. ನಾಡಿನ ಮರ ಬೆಳೆಸಿದ ರೈತನಿಗೆ ಅದನ್ನು ಬಳಸುವ ದಾರಿ ಸುಲಭ ಮಾಡಿಕೊಟ್ಟಿದ್ದರೆ ಇವತ್ತು ತೋಟಗಳು ಬೇರೆಯೇ ತರಹ ಇರುತ್ತಿದ್ದವು.

ಅಪ್ಪನಿಗೆ ವಯಸ್ಸಾಯಿತು ಅಂತ ಊರಿಗೆ ವಾಪಸ್ ಬಂದೆ. ನಮ್ಮ ಜಮೀನು ಖಾನಾಪುರದಿಂದ ಜಾಂಬೋಟಿಗೆ ಹೋಗುವ ಕಡೆ. ಕೆಳಗೆ ಗದ್ದೆ, ಮೇಲೆ ಇಳಿಜಾರಿನಲ್ಲಿ ನಾಲ್ಕು ಎಕರೆ ಮಾಲ್ಕಿ ಜಾಗ. ಅಜ್ಜನ ಕಾಲದ ಗೋಡಂಬಿ, ಹಲಸು, ಮಾವು, ಮತ್ತಿ, ನೇರಳೆ, ಹಳ್ಳದ ಬದಿಗೆ ಅತ್ತಿ. ಗೋಡಂಬಿ ಮುದಿಯಾಗಿ ಬೆಳೆ ಕಡಿಮೆ ಆಗಿತ್ತು. ಎತ್ತರ ಸುಮಾರು 700 ಮೀಟರ್, ಅರೇಬಿಕಾಗೆ ಅಷ್ಟು ಸಾಲದು, ಅದಕ್ಕೆ 1000 ಮೀಟರ್ ಮೇಲಿದ್ದರೇ ಚೆನ್ನ. ರೋಬಸ್ಟಾಗೆ ಪರವಾಗಿಲ್ಲ. ಮಳೆಯದೇ ಯೋಚನೆ ಇತ್ತು. ಮಲಪ್ರಭಾ ಹುಟ್ಟುವ ಕಣಕುಂಬಿ ಕಡೆಗೆ ಹೋದಷ್ಟೂ ಮಳೆ ವಿಪರೀತ, ಅಲ್ಲಿ ಕಾಫಿ ಇಟ್ಟರೆ ಮಳೆಗಾಲದಲ್ಲಿ ಎಲೆ, ಕಾಯಿ ಕೊಳೆತು ಉದುರುವ ಕೊಳೆರೋಗ ಬಿಡುವುದಿಲ್ಲ. ನಮ್ಮದು ಸ್ವಲ್ಪ ಪೂರ್ವಕ್ಕೆ ಇದೆ, ಇಳಿಜಾರು ಬೇರೆ, ನೀರು ನಿಲ್ಲುವುದಿಲ್ಲ. ಮೂಡಿಗೆರೆಯ ಗೆಳೆಯರಿಂದ ಸಿ ಎಕ್ಸ್ ಆರ್ ತಳಿಯ ರೋಬಸ್ಟಾ ಸಸಿ ತಂದೆ.

ಊರಲ್ಲಿ ಎಲ್ಲರಿಗೂ ಆಶ್ಚರ್ಯ. ಕಾಫಿ ಅಂದರೆ ಕಾಡು ಸವರಿ ಹಾಕೋದು ಅಂತ ತಿಳಿದಿದ್ದರು. ಪಕ್ಕದ ಜಮೀನಿನ ಕಾಕಾ ಒಬ್ಬರು ಮೊದಲ ದಿನವೇ ಬಂದು ಹಳ್ಳದ ಬದಿಯ ಅತ್ತಿ ಕೆಳಗೆ ನಿಂತರು. "ಇದನ್ನ ಕಡೀತಿ ಏನ ತಮ್ಮಾ? ಔದುಂಬರ ಅದ, ದತ್ತನ ಗಿಡ, ಕೈ ಹಚ್ಚಬ್ಯಾಡ" ಅಂದರು. "ಇಲ್ಲರಿ ಕಾಕಾ, ಇದ್ರ ಸಲುವಾಗೇ ಕಾಫಿ ಇಲ್ಲಿ ಹಾಕಾಕ ಹತ್ತೀನಿ" ಅಂದೆ. ಅವರಿಗೆ ಸಮಾಧಾನ ಆಯಿತು. ನಿಜ ಹೇಳಬೇಕೆಂದರೆ ನಮ್ಮ ಭಾಗದಲ್ಲಿ ಅತ್ತಿ, ಆಲ, ಅರಳಿ ಇನ್ನೂ ಉಳಿದಿರೋದು ಇಂಥ ಹಿರಿಯರ ಭಕ್ತಿಯಿಂದಲೇ. ಕಾಯ್ದೆಗಿಂತ ಜಾಸ್ತಿ ಕೆಲಸ ಅದು ಮಾಡಿದೆ.

ಕೆಲಸ ಶುರು ಮಾಡಿದ್ದು ಬೇಸಿಗೆಯಲ್ಲಿ. ಗುಂಡಿ ತೋಡೋ ಮೊದಲು ಪ್ರತಿ ಮರದ ಹತ್ತಿರ ಹೋಗಿ, ಅದು ಯಾವಾಗ ಹೂ ಬಿಡುತ್ತದೆ, ಯಾವಾಗ ಹಣ್ಣು, ಯಾವಾಗ ಎಲೆ ಉದುರಿಸುತ್ತದೆ ಅಂತ ಅಪ್ಪ ಅವ್ವ ಇಬ್ಬರನ್ನೂ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಅವ್ವನಿಗೆ ನನಗಿಂತ ಹತ್ತು ಪಟ್ಟು ಜಾಸ್ತಿ ಗೊತ್ತಿತ್ತು. ಎಲ್ಲಾ ಬರೆದ ಮೇಲೆ ತಿಂಗಳ ಪ್ರಕಾರ ಜೋಡಿಸಿ ನೋಡಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಧಾರಾಳ: ಕವಳಿ, ಮಾವು, ಹಲಸು, ಆಮೇಲೆ ನೇರಳೆ. ಜನವರಿ, ಫೆಬ್ರವರಿಯಲ್ಲಿ ಬೂರುಗ, ಮುತ್ತುಗದ ಹೂವಿನ ಮಕರಂದ. ಆದರೆ ಮಳೆ ಮುಗಿದ ಮೇಲೆ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಅತ್ತಿ ಒಂದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಉತ್ತರದಿಂದ ವಲಸೆ ಹಕ್ಕಿಗಳು ಬಂದಿಳಿಯುವುದೂ ಅದೇ ಹೊತ್ತಿಗೆ.

ಆ ಖಾಲಿ ತಿಂಗಳುಗಳನ್ನು ತುಂಬಿಸಲು ಮೂರು ಕೆಲಸ ಮಾಡಿದೆ. ಹಳ್ಳದ ಗುಂಟ ಅತ್ತಿ, ಮೇಲೆ ಬೇಲಿ ಕಡೆ ಬಸರಿ, ಗೋಣಿ ಹಾಕಿದೆ. ಇಂಥ ಆಲದ ಜಾತಿಯ ಮರಗಳ ವಿಶೇಷ ಏನಂದರೆ, ಊರಿನ ಎಲ್ಲಾ ಮಾವು ಒಟ್ಟಿಗೇ ಹಣ್ಣಾಗುವ ಹಾಗೆ ಇವು ಆಗುವುದಿಲ್ಲ. ಅತ್ತಿ ಹಣ್ಣಿನ ಹೂವೆಲ್ಲ ಹಣ್ಣಿನ ಒಳಗೇ ಇರುತ್ತವೆ. ಸಾಸಿವೆಯಷ್ಟು ಸಣ್ಣ ಕಣಜವೊಂದು ಒಳಗೆ ತೂರಿ ಪರಾಗ ಮುಟ್ಟಿಸಬೇಕು. ಆ ಕಣಜ ಹೊರಗೆ ಬದುಕೋದು ಒಂದೆರಡು ದಿನ ಮಾತ್ರ, ಅಷ್ಟರಲ್ಲಿ ಅದಕ್ಕೆ ಅದೇ ಜಾತಿಯ ಇನ್ನೊಂದು ಮರದಲ್ಲಿ ಎಳೆಕಾಯಿ ಸಿಗಬೇಕು. ಹಾಗಾಗಿ ಸುತ್ತಮುತ್ತ ಮರಗಳು ಸಾಕಷ್ಟಿದ್ದರೆ ಯಾವ ಕಾಲದಲ್ಲೂ ಎಲ್ಲೋ ಒಂದು ಮರ ಕಾಯಿ ಬಿಟ್ಟೇ ಇರುತ್ತದೆ. ಬೇರೆ ಯಾವ ಹಣ್ಣೂ ಇಲ್ಲದಾಗ ಕುಟ್ರುಹಕ್ಕಿ, ಪಿಕಳಾರ, ಹಸಿರು ಪಾರಿವಾಳ, ಮಂಗಟ್ಟೆ ಎಲ್ಲಾ ಬದುಕೋದು ಇವುಗಳ ಮೇಲೆ. ಒಂದೇ ಒಂದು ಮರ ಹಾಕಲು ಜಾಗ ಇದೆ ಅಂತ ಯಾರಾದರೂ ಕೇಳಿದರೆ ನಾನು ಅತ್ತಿ ಅಂತಲೇ ಹೇಳುತ್ತೇನೆ.

ಆದರೆ ಅತ್ತಿ ದೊಡ್ಡದಾಗಲು ವರ್ಷಗಳು ಬೇಕು. ಅಲ್ಲಿವರೆಗೆ ಗಸಗಸೆ ಹಣ್ಣಿನ ಮರ ಹಾಕಿದೆ, ಕೆಂಪು ಸಣ್ಣ ಹಣ್ಣು ಬಿಡುತ್ತದಲ್ಲ, ಶಾಲೆ ಮಕ್ಕಳು ಮುಗಿಬೀಳುತ್ತಾರೆ, ಅದೇ. ಅದು ನಮ್ಮ ನಾಡಿನ ಮರ ಅಲ್ಲ, ಕಾಫಿಗೆ ಒಳ್ಳೆ ನೆರಳೂ ಅಲ್ಲ, ಹಾಗಾಗಿ ಬೇಲಿಯ ಅಂಚಿಗೆ ಮಾತ್ರ ಹಾಕಿದೆ. ಎರಡನೇ ವರ್ಷಕ್ಕೇ ಹಣ್ಣು ಬಿಟ್ಟಿತು, ವರ್ಷವಿಡೀ ಬಿಡುತ್ತದೆ. ಅತ್ತಿ ಬಸರಿ ಬೆಳೆದ ಮೇಲೆ ತೆಗೆದುಬಿಡುತ್ತೇನೆ. ಮೂರನೆಯದು ಹಾಲವಾಣ, ಇದು ಖಾಲಿ ತಿಂಗಳಿಗಿಂತ ನೆರಳಿಗಾಗಿ ಹಾಕಿದ್ದು. ಕೊಂಬೆ ಕಡಿದು ಮಳೆಗಾಲದ ಶುರುವಿನಲ್ಲಿ ನೆಟ್ಟರೆ ಸಾಕು, ಬೇರು ಬಿಟ್ಟುಕೊಳ್ಳುತ್ತದೆ. ದ್ವಿದಳ ಜಾತಿ, ಮಣ್ಣಿಗೆ ಸಾರಜನಕ ಕೊಡುತ್ತದೆ, ಎಳೆ ಕಾಫಿ ಗಿಡಕ್ಕೆ ತಕ್ಷಣದ ನೆರಳಾಗುತ್ತದೆ. ಬೇಸಿಗೆಗೆ ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಸೂರಕ್ಕಿ, ಮೈನಾ, ಕಾಜಾಣ, ಗಿಳಿ ಎಲ್ಲಾ ಒಂದೇ ಕೊಂಬೆಗೆ ಜಗಳ ಆಡುತ್ತವೆ. ಮಲೆನಾಡಿನ ತೋಟಗಳಲ್ಲಿ ಹಾಲವಾಣ ಹಿಂದಿನಿಂದಲೂ ಇರೋದೇ, ಇದೇನೂ ನನ್ನ ಸಂಶೋಧನೆ ಅಲ್ಲ.

ಕಾಫಿ ಸಸಿಯನ್ನು ಹತ್ತು ಅಡಿಗೊಂದರಂತೆ ನೆಟ್ಟೆವು. ಅದರ ನಡುವೆ ಮರ ಬಂದರೆ ಗುಂಡಿಯನ್ನೇ ಸರಿಸಿದೆವು. ಸಾಲು ಸೊಟ್ಟ ಆಯಿತು. ಆಗಲಿ.

ಇನ್ನು ಒಣಮರದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ತೋಟ ಚೊಕ್ಕ ಇರಬೇಕು ಅನ್ನುವವರು ಮೊದಲು ತೆಗೆಯೋದು ಇದನ್ನೇ. ಮರಕುಟಿಗ ಮತ್ತು ಕುಟ್ರುಹಕ್ಕಿ ತಾವೇ ಮರ ಕೊರೆದು ಪೊಟರೆ ಮಾಡಿಕೊಳ್ಳುತ್ತವೆ, ಅದಕ್ಕೆ ಅವಕ್ಕೆ ಒಣಗಿದ, ಮೆತ್ತಗಾದ ಕಟ್ಟಿಗೆ ಬೇಕು. ಮಡಿವಾಳ, ಮೈನಾ, ಗಿಳಿ, ಸಣ್ಣ ಗೂಬೆ, ಮರಗುಬ್ಬಿ ಇವಕ್ಕೆ ಕೊರೆಯುವ ಶಕ್ತಿ ಇಲ್ಲ. ಹೆಚ್ಚಾಗಿ ಇನ್ನೊಬ್ಬರು ಕೊರೆದು ಬಿಟ್ಟುಹೋದ ಪೊಟರೆಯಲ್ಲೇ ಸಂಸಾರ. ಅಂದರೆ ಒಂದು ಒಣಮರ ಕಡಿದರೆ ಕೊರೆಯುವ ಹಕ್ಕಿ ಮಾತ್ರ ಹೋಗುವುದಿಲ್ಲ, ಅದರ ಹಿಂದೆ ಬರಬೇಕಾದ ನಾಲ್ಕೈದು ಜಾತಿಗಳೂ ಹೋಗುತ್ತವೆ.

ನಮ್ಮ ಮೇಲಿನ ಭಾಗದಲ್ಲಿ ಒಂದು ಮತ್ತಿ ಮರದ ತುದಿ ಸಿಡಿಲಿಗೆ ಒಣಗಿತ್ತು. ಅದನ್ನು ಹಾಗೇ ಬಿಟ್ಟೆ. ಒಂದು ಜನವರಿಯಲ್ಲಿ ಕೊಯ್ಲು ಮಾಡುವಾಗ ಅದರ ಕೆಳಗಿನ ಕಾಫಿ ಎಲೆಗಳ ಮೇಲೆ ಕಟ್ಟಿಗೆಯ ಪುಡಿ ಬಿದ್ದಿತ್ತು, ಗರಗಸ ಹಾಕಿದ ಜಾಗದ ಹಾಗೆ. ಮೇಲೆ ನೋಡಿದರೆ ಕುಟ್ರುಹಕ್ಕಿ. ಹಸಿರು ಮೈ, ಕೆನ್ನೆಯ ಮೇಲೆ ಬಿಳಿ. ತಲೆ ಪೂರ್ತಿ ತೂತಿನ ಒಳಗೆ, ಬಾಲವನ್ನು ಕಾಂಡಕ್ಕೆ ಒತ್ತಿ ಹಿಡಿದು ಕೂತಿತ್ತು. ಸ್ವಲ್ಪ ಹೊತ್ತು ಕುಟ್ಟೋದು, ಹಿಂದಕ್ಕೆ ಬಂದು ಕೊಕ್ಕಿನ ತುಂಬ ಪುಡಿ ಹಿಡಿದು ತಲೆ ಕೊಡವೋದು. ಆ ಪುಡಿ ಗಾಳಿಯಲ್ಲಿ ತೇಲಿಕೊಂಡು ನಮ್ಮ ಬುಟ್ಟಿಯ ಒಳಗೇ ಬೀಳುತ್ತಿತ್ತು. ಸುಸ್ತಾದಾಗ ಅದು ಹಾರಿಹೋಗಿ, ಜೋಡಿ ಹಕ್ಕಿ ಬಂದು ಅದೇ ಜಾಗದಲ್ಲಿ ಕೂತು ಕೆಲಸ ಮುಂದುವರಿಸುತ್ತಿತ್ತು. ಹಣ್ಣು ಬಿಡಿಸಲು ಬಂದ ಹೆಣ್ಣುಮಕ್ಕಳು ಎಲ್ಲರೂ ಕೈ ನಿಲ್ಲಿಸಿ ನೋಡಿದರು. ಮುಂದಿನ ವರ್ಷ ಅದೇ ತೂತಿನಲ್ಲಿ ಮಡಿವಾಳ ಮರಿ ಮಾಡಿತು. ಆಮೇಲಿಂದ ದಾರಿಯ ಪಕ್ಕ, ಮನೆಯ ಪಕ್ಕ ಇರುವ ಒಣಮರ ಬಿಟ್ಟರೆ ಬೇರೆ ಯಾವುದನ್ನೂ ನಮ್ಮಲ್ಲಿ ಕಡಿಯುವುದಿಲ್ಲ. ಗಾಳಿಗೆ ಬಿದ್ದು ಯಾರಿಗಾದರೂ ಪೆಟ್ಟಾಗಬಾರದಲ್ಲ, ಅದಕ್ಕೆ ಅವೆರಡು ಕಡೆ ಮಾತ್ರ ಎಚ್ಚರ.

ಮೇಲೆ ಮರ ಇದ್ದ ಹಾಗೆ ಕೆಳಗೆ ನೆಲವೂ ಮುಖ್ಯ. ಎಲೆ ಗುಡಿಸಿ ಸುಡುವ ಅಭ್ಯಾಸ ನಮ್ಮ ಕಡೆ ಬಹಳ, ಗೋಡಂಬಿ ಬೀಜ ಆರಿಸಲು ಸುಲಭ ಆಗಲಿ ಅಂತ. ಕಾಫಿ ಹಾಕಿದ ಮೇಲೆ ಅದನ್ನು ಪೂರ್ತಿ ನಿಲ್ಲಿಸಿದೆವು. ಮರದ ಎಲೆಯೆಲ್ಲ ಕಾಫಿ ಬುಡದಲ್ಲೇ ಕೊಳೆಯುತ್ತದೆ, ಬೇಸಿಗೆಯಲ್ಲಿ ತೇವ ಹಿಡಿಯುತ್ತದೆ, ಅದರ ಅಡಿಯಲ್ಲಿ ಎರೆಹುಳ, ಗೆದ್ದಲು, ಜೀರುಂಡೆ ಮರಿ ಎಲ್ಲಾ ಸೇರಿಕೊಳ್ಳುತ್ತವೆ. ಕಳೆನಾಶಕ ಹೊಡೆಯುವುದಿಲ್ಲ, ಯಂತ್ರದಲ್ಲಿ ಕೊಚ್ಚುತ್ತೇವೆ. ಯಂತ್ರ ಶುರು ಮಾಡಿದರೆ ಸಾಕು, ಎಲ್ಲಿಂದಲೋ ಕಾಜಾಣ ಬಂದು ಮುಂದಿನ ಕೊಂಬೆಯಲ್ಲಿ ಕೂರುತ್ತದೆ, ಹಾರುವ ಮಿಡತೆಯನ್ನು ಗಾಳಿಯಲ್ಲೇ ಹಿಡಿಯುತ್ತದೆ.

ಆ ತರಗೆಲೆಯ ನೆಲಕ್ಕೆ ಬಂದ ಅತಿಥಿ ಅಂದರೆ ನವರಂಗ. ಮಳೆ ಮುಗಿದ ಮೇಲೆ ದಕ್ಷಿಣಕ್ಕೆ ಬರುತ್ತದೆ, ಬೇಸಿಗೆ ಮುಗಿಯುವ ಹೊತ್ತಿಗೆ ಮರಿ ಮಾಡಲು ಉತ್ತರ ಭಾರತ, ಮಧ್ಯ ಭಾರತದ ಕಡೆ ವಾಪಸ್ ಹೋಗುತ್ತದೆ. ಬೆಳಗ್ಗೆ ಸಂಜೆ ಎರಡೇ ಸ್ವರದ ಸಿಳ್ಳೆ ಹಾಕುತ್ತದೆ, ನೋಡಲು ಸಿಗುವುದು ಕಷ್ಟ. ಒಂದು ದಿನ ಉದುರು ಕಾಯಿ ಆರಿಸಲು ಕಾಫಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ, ಎರಡು ಗಿಡದ ಆಚೆ ಎಲೆ ಸರಿದ ಸದ್ದು. ಓತಿಕ್ಯಾತ ಇರಬೇಕು ಅಂದುಕೊಂಡೆ. ಹಕ್ಕಿ! ಬೆನ್ನು ಹಸಿರು, ಕಣ್ಣಿನ ಮೇಲೆ ಕಪ್ಪು ಪಟ್ಟೆ, ರೆಕ್ಕೆಯಲ್ಲಿ ನೀಲಿ ಮಿಂಚು, ಬಾಲದ ಅಡಿಯಲ್ಲಿ ಕುಂಕುಮ ಕೆಂಪು. ಮೋಟು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಒಂದು ಎಲೆಯನ್ನು ಕೊಕ್ಕಲ್ಲಿ ಹಿಡಿದು ಪಕ್ಕಕ್ಕೆ ಎಸೆಯಿತು, ಅಡಿಯಲ್ಲಿ ಏನೂ ಇರಲಿಲ್ಲ. ಇನ್ನೊಂದು ಎಲೆ. ಮೂರನೆಯದರ ಅಡಿಯಲ್ಲಿ ಹುಳ ಸಿಕ್ಕಿತು. ಎಲೆ ಸುಡುತ್ತಿದ್ದ ಕಾಲದಲ್ಲಿ ಈ ಜಾಗಕ್ಕೆ ಅದು ಬರುವ ಸಾಧ್ಯತೆಯೇ ಇರಲಿಲ್ಲ. ಬಂದರೂ ತಿನ್ನಲು ಏನಿತ್ತು?

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ, ಮರಗಸಿ, ಅಂದರೆ ನೆರಳಮರಗಳ ಕೊಂಬೆ ಕಡಿದು ಇಳಿಸೋದು. ನೆರಳು ಬೇಕು ನಿಜ, ಮಳೆಗಾಲದಲ್ಲಿ ಜಾಸ್ತಿ ಆದರೆ ತೋಟಕ್ಕೆ ಗಾಳಿ ಬೆಳಕು ಆಡದೆ ಕೊಳೆರೋಗ ಬರುತ್ತದೆ. ರೋಬಸ್ಟಾಗಂತೂ ಅರೇಬಿಕಾದಷ್ಟು ನೆರಳು ಬೇಡ. ಹಾಗಾಗಿ ಮಳೆ ಬರುವ ಮುಂಚೆ ಕೊಂಬೆ ಇಳಿಸಬೇಕು, ಅಂದರೆ ಏಪ್ರಿಲ್, ಮೇ. ನಮ್ಮ ಘಟ್ಟದ ಬಹಳಷ್ಟು ಹಕ್ಕಿಗಳು ಮೊಟ್ಟೆ ಇಟ್ಟು ಮರಿ ಮಾಡುವುದೂ ಅದೇ ತಿಂಗಳುಗಳಲ್ಲಿ. ಮೂಡಿಗೆರೆಯಲ್ಲಿ ಮರಗಸಿ ದಿನ ಕೊಂಬೆಯ ಜೊತೆ ಗೂಡು ಬೀಳುವುದನ್ನು ಎಷ್ಟೋ ಸಲ ನೋಡಿದ್ದೆ. ಕೆಲಸದವರಿಗೂ ಸಂಕಟ ಆಗುತ್ತಿತ್ತು, ಆದರೆ ಗುತ್ತಿಗೆ ಕೆಲಸ, ನಿಲ್ಲುವಂತಿಲ್ಲ.

ಇಲ್ಲಿ ನಾವು ಮಾಡುವುದು ಹೀಗೆ. ತೋಟವನ್ನು ಮೂರು ಭಾಗ ಮಾಡಿಕೊಂಡಿದ್ದೇವೆ, ಜೋರು ಮರಗಸಿ ವರ್ಷಕ್ಕೆ ಒಂದು ಭಾಗಕ್ಕೆ ಮಾತ್ರ. ಉಳಿದ ಎರಡರಲ್ಲಿ ತೀರಾ ಕೆಳಗಿನ, ಕಾಫಿಯ ತಲೆಗೆ ತಾಗುವ ಕೊಂಬೆ ಅಷ್ಟೇ. ಕೊಯ್ಲು ಮುಗಿದ ಕೂಡಲೇ ಶುರು ಮಾಡಿ, ಆದಷ್ಟು ಬೇಗ ಮುಗಿಸುತ್ತೇವೆ. ಹಾಲವಾಣವನ್ನು ಹೂ ಮುಗಿಯುವ ತನಕ ಮುಟ್ಟುವುದಿಲ್ಲ. ಮರ ಹತ್ತುವ ಹಿಂದಿನ ದಿನ ನಾನು, ಮರ ಹತ್ತುವ ಅಣ್ಣ ಇಬ್ಬರೂ ಬೆಳಗ್ಗೆ ಬೇಗ ಹೋಗಿ ಸುಮ್ನೆ ಕೂತು ನೋಡುತ್ತೇವೆ. ಕೊಕ್ಕಲ್ಲಿ ಹುಳ ಹಿಡಿದು ಪದೇಪದೇ ಒಂದೇ ಕೊಂಬೆಗೆ ಹೋಗುವ ಹಕ್ಕಿ ಇದ್ದರೆ ಅಲ್ಲಿ ಗೂಡಿದೆ ಅಂತಲೇ ಅರ್ಥ. ಆ ಮರದ ಬುಡಕ್ಕೆ ಹಳೆ ಸೀರೆಯ ತುಂಡು ಕಟ್ಟುತ್ತೇವೆ. ಕಟ್ಟಿದ ಮರ ಆ ಸಲ ಬಿಟ್ಟುಬಿಡೋದು, ಮರಿ ಹಾರಿದ ಮೇಲೆ ಮಳೆಯ ಬಿಡುವಿನಲ್ಲಿ ನೋಡಿಕೊಳ್ಳೋದು. ಅದರ ಕೆಳಗಿನ ನಾಲ್ಕಾರು ಗಿಡಗಳಲ್ಲಿ ಕಾಯಿ ಕಡಿಮೆ ಆಗಬಹುದು, ಅದು ನನಗೆ ಒಪ್ಪಿಗೆ. ಮೊದಲು ಬಟ್ಟೆ ಕಟ್ಟಿದಾಗ ಅಣ್ಣ ನಗುತ್ತಿದ್ದರು. ಈಗ ಅವರೇ ನನಗಿಂತ ಮುಂಚೆ ಗೂಡು ಕಂಡುಹಿಡಿದು ಕರೆಯುತ್ತಾರೆ.

ಹಕ್ಕಿಗಳಿಂದ ಕಾಫಿಗೆ ಏನು ಲಾಭ ಅಂತ ಎಲ್ಲರೂ ಕೇಳುತ್ತಾರೆ. ರೋಬಸ್ಟಾಗೆ ದೊಡ್ಡ ಶತ್ರು ಕಾಯಿಕೊರಕ. ಭಾರತದಲ್ಲಿ ಇದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎಳ್ಳಿಗಿಂತ ಸಣ್ಣ ಕಪ್ಪು ದುಂಬಿ, ಕಾಯಿಯ ತುದಿಯ ಹೊಕ್ಕುಳಲ್ಲಿ ತೂತು ಮಾಡಿ ಒಳಗೆ ಹೋಗಿ ಮೊಟ್ಟೆ ಇಡುತ್ತದೆ. ಒಳಗೆ ಹೋದ ಮೇಲೆ ಯಾವ ಔಷಧಿಯೂ ಸರಿಯಾಗಿ ತಾಗುವುದಿಲ್ಲ. ಹೊರಗಿದ್ದಾಗ ಹಿಡಿಯಬೇಕು, ಅದನ್ನು ಸಣ್ಣ ಹಕ್ಕಿಗಳು ಮಾಡುತ್ತವೆ. ಕೋಸ್ಟರಿಕಾದಲ್ಲಿ ಕಾಫಿ ಗಿಡಗಳಿಗೆ ಬಲೆ ಕಟ್ಟಿ, ಹಕ್ಕಿ ಬರದ ಹಾಗೆ ಮಾಡಿ ಹೋಲಿಸಿ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಕ್ಕಿಗಳು ಓಡಾಡುವ ಕಡೆ ಕಾಯಿಕೊರಕದ ಬಾಧೆ ಸುಮಾರು ಅರ್ಧಕ್ಕೆ ಇಳಿದಿತ್ತು. ಕಾಡಿನ ತುಂಡುಗಳು ಹತ್ತಿರ ಇದ್ದಷ್ಟೂ ಹಕ್ಕಿ ಜಾಸ್ತಿ. 2022ರಲ್ಲಿ ಅದೇ ದೇಶದ 30 ತೋಟಗಳಲ್ಲಿ ಹಕ್ಕಿ ಮತ್ತು ಜೇನು ಎರಡನ್ನೂ ಸೇರಿಸಿ ನೋಡಿದಾಗ, ಎರಡೂ ಇಲ್ಲದಿದ್ದರೆ ಇಳುವರಿ ಸುಮಾರು ಕಾಲುಭಾಗ ಕಡಿಮೆ ಆಗುತ್ತದೆ ಅಂತ ತಿಳಿಯಿತು. ರೋಬಸ್ಟಾಗೆ ಪರಾಗ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೋಗಲೇಬೇಕು, ಹಾಗಾಗಿ ನಮಗೆ ಜೇನು ಇನ್ನೂ ಮುಖ್ಯ, ಹೆಜ್ಜೇನು ಕಟ್ಟುವುದೂ ಇಂಥ ದೊಡ್ಡ ಮರಗಳಲ್ಲೇ ಅಲ್ವಾ.

ಹಾಗಂತ ಹಕ್ಕಿಗಳಿಗೆ ಬಿಟ್ಟು ಕೈಕಟ್ಟಿ ಕೂತಿಲ್ಲ. ಕೊಯ್ಲಿನಲ್ಲಿ ಗಿಡದ ಮೇಲೆ ಒಂದು ಕಾಯಿಯೂ ಉಳಿಯದ ಹಾಗೆ ಬಿಡಿಸುತ್ತೇವೆ, ನೆಲಕ್ಕೆ ಬಿದ್ದದ್ದನ್ನು ಆರಿಸುತ್ತೇವೆ. ಉಳಿದ ಕಾಯಿಯಲ್ಲೇ ದುಂಬಿ ಮುಂದಿನ ಬೆಳೆಯ ತನಕ ಬದುಕಿಕೊಳ್ಳುತ್ತದೆ. ಈ ಕೆಲಸ ಮಾಡದೆ ಬರೀ ಹಕ್ಕಿ ಬರಲಿ ಅಂದರೆ ಆಗುವುದಿಲ್ಲ. ಕೀಟನಾಶಕ ಹೊಡೆದರೆ ಹಕ್ಕಿಗೆ ತಿನ್ನಲು ಹುಳವೇ ಇರುವುದಿಲ್ಲ, ಅದೂ ಆಗುವುದಿಲ್ಲ. ಅಕ್ಟೋಬರ್ ಸುಮಾರಿಗೆ ಹೆಬ್ಬೆರಳು ಗಾತ್ರದ ಎಲೆ ಉಲಿಯಕ್ಕಿಗಳು ಹಿಮಾಲಯದ ಕಡೆಯಿಂದ ಬಂದು ಏಪ್ರಿಲ್‌ವರೆಗೆ ಇರುತ್ತವೆ. ದಿನವಿಡೀ ಎಲೆಯ ಅಡಿ ಮೇಲು ಹುಡುಕೋದೇ ಅವುಗಳ ಕೆಲಸ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ವಿಷ ಬಿದ್ದ ಹುಳ ತಿನ್ನಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಖರ್ಚು ವರಮಾನದ ಮಾತೂ ಹೇಳಿಬಿಡುತ್ತೇನೆ. ಬಿಸಿಲಿಗೆ ಬಿಟ್ಟು ಗೊಬ್ಬರ ಸುರಿದ ರೋಬಸ್ಟಾದಷ್ಟು ಕಾಯಿ ನಮ್ಮಲ್ಲಿ ಬರುವುದಿಲ್ಲ. ಆದರೆ ಮರಗಳ ಮೇಲೆ ಕರಿಮೆಣಸು ಇದೆ, ಹಲಸು, ಗೋಡಂಬಿ ಇದೆ, ಬೇಸಿಗೆಯಲ್ಲಿ ಅವ್ವ ಕವಳಿ ಹಣ್ಣನ್ನು ಖಾನಾಪುರ ಸಂತೆಗೆ ಕಳಿಸುತ್ತಾರೆ. ಹಣ್ಣಾದ ಕಾಫಿಯನ್ನು ಪುನುಗು, ಪಿಕಳಾರ ಸ್ವಲ್ಪ ತಿನ್ನುತ್ತವೆ. ನಿಜವಾದ ನಷ್ಟ ಕಾಡುಕೋಣದಿಂದ, ಬಂದರೆ ಗಿಡವನ್ನೇ ಮುರಿಯುತ್ತದೆ. ಅದಕ್ಕೂ ಹಕ್ಕಿಗೂ ಸಂಬಂಧವಿಲ್ಲ, ಕಾಡಂಚಿನಲ್ಲಿ ಇರೋದಕ್ಕೆ ಅದು ಇದ್ದದ್ದೇ.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ತೋಟ ನೋಡಿ "ನಾವೂ ನಮ್ಮ ಕಾಡುಜಾಗ ಸವರಿ ಕಾಫಿ ಹಾಕ್ತೀವಿ, ಹಕ್ಕಿ ಹೆಂಗೂ ಬರ್ತಾವಲ್ಲ" ಅಂದವರಿದ್ದಾರೆ. ದಯವಿಟ್ಟು ಬೇಡ. ಕಾಫಿ ತೋಟ ಎಷ್ಟೇ ಚೆನ್ನಾಗಿದ್ದರೂ ಕಾಡಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ವಿಜ್ಞಾನಿಗಳು ಹಕ್ಕಿ ಎಣಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡನ್ನು ನಂಬಿದ 79 ಜಾತಿಯ ಹಕ್ಕಿಗಳು ತೋಟಗಳಲ್ಲಿ ಸಿಕ್ಕವು. ನೀಲಗಿರಿ ಕಾಡುಪಾರಿವಾಳ, ಬೂದುತಲೆಯ ಪಿಕಳಾರದಂಥ ಅಪರೂಪದವೂ ಇದ್ದವು. ರೋಬಸ್ಟಾ ತೋಟಗಳೂ ಹಕ್ಕಿಗೆ ಒಳ್ಳೆಯವೇ ಅನ್ನೋದು ಅದರಿಂದ ಗೊತ್ತಾಯಿತು, ನನಗೆ ಅದು ಧೈರ್ಯ ಕೊಟ್ಟ ಮಾತು. ಆದರೆ ಆ ಹಕ್ಕಿಗಳು ತೋಟಕ್ಕೆ ಬರಬೇಕಾದರೆ ಸುತ್ತಮುತ್ತ ಕಾಡು ಇರಬೇಕು. ನಮಗೆ ಭೀಮಗಡ ಇದೆ. 2011ರಲ್ಲಿ ವನ್ಯಜೀವಿಧಾಮ ಆಯಿತು, ಸುಮಾರು 190 ಚದರ ಕಿಲೋಮೀಟರ್. ನಮ್ಮ ಅತ್ತಿಗೆ ಬರುವ ಬೂದು ಮಂಗಟ್ಟೆಗಳು ಆ ದಿಕ್ಕಿನಿಂದಲೇ ಬರುತ್ತವೆ. ಮಂಗಟ್ಟೆಗೆ ಗೂಡಿಗೆ ಬೇಕಾದದ್ದು ಹಳೆಯ, ದಪ್ಪ ಮರದಲ್ಲಿ ತಾನಾಗೇ ಆದ ಪೊಟರೆ. ಹೆಣ್ಣು ಒಳಗೆ ಸೇರಿಕೊಂಡು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಅಂಥ ಮರ ನಮ್ಮ ನಾಲ್ಕು ಎಕರೆಯಲ್ಲಿ ಎಲ್ಲಿದೆ? ಅವು ನಮ್ಮಲ್ಲಿ ತಿನ್ನುತ್ತವೆ, ಬೀಜ ಕೊಂಡೊಯ್ದು ಕಾಡಿನಲ್ಲಿ ಬಿತ್ತುತ್ತವೆ. ಮರಿ ಮಾಡುವುದು ಅಲ್ಲೇ. ಮುದಿ ಗೋಡಂಬಿ ಇರುವ ಜಾಗ, ಬರಿದಾದ ಬೇಣದ (ಹುಲ್ಲು ಬೆಳೆಯುವ) ಜಾಗ ಇದ್ದರೆ ಅಲ್ಲಿ ಮರ ಹಾಕಿ ಕಾಫಿ ಮಾಡಿ, ಕಾಡಿರುವ ಜಾಗ ಮುಟ್ಟಬೇಡಿ.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು ಹಕ್ಕಿಸ್ನೇಹಿ ಕಾಫಿ ಅಂತ ಒಂದು ಮುದ್ರೆ ಕೊಡುತ್ತಾರೆ. ಕನಿಷ್ಠ ನೂರಕ್ಕೆ 40 ಭಾಗ ನೆರಳು, ಮುಖ್ಯ ನೆರಳಮರ ಬಿಟ್ಟು ಇನ್ನೂ ಹತ್ತು ಜಾತಿ, ಮೇಲಿನ ಮರಗಳು 12 ಮೀಟರ್ ಎತ್ತರ, ಜೊತೆಗೆ ಪೂರ್ತಿ ಸಾವಯವ ಇರಬೇಕು. ನಮ್ಮಂಥ ಸಣ್ಣವರಿಗೆ ಮುದ್ರೆ ಪಡೆಯುವುದು ದೂರದ ಮಾತು. ಆದರೆ ಅಳತೆಗೋಲಾಗಿ ಇದು ಬಹಳ ಚೆನ್ನಾಗಿದೆ. ನಾನು ನಮ್ಮ ತೋಟವನ್ನು ಇದಕ್ಕೇ ಹಿಡಿದು ನೋಡುತ್ತಿರುತ್ತೇನೆ.

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನಮ್ಮ ಸೋದರಮಾವನ ನಿಂಬೆ ತೋಟ ಇದೆ. ಅವರು ಬಂದಾಗ ಎಲ್ಲಾ ಸುತ್ತಿ ನೋಡಿ, "ನಿಮ್ಮಲ್ಲಿ ಮಳಿ ಅದ, ನಡೀತದ. ನಮ್ಮ ಬಿಸಿಲಾಗ ಏನ ಮಾಡೂದು?" ಅಂದರು. ಕಾಫಿ ಅಲ್ಲಿ ಆಗುವುದಿಲ್ಲ, ಆದರೆ ತಿಂಗಳ ಲೆಕ್ಕ ಎಲ್ಲಾ ಕಡೆ ನಡೆಯುತ್ತದೆ. ಬದುವಿನ ಬೇವು, ಬನ್ನಿ, ಜಾಲಿ ಕಡಿಯಬೇಡಿ ಮಾಮಾ, ಬಾವಿ ಹತ್ತಿರ ಒಂದು ಅತ್ತಿ ಹಾಕಿ ಅಂದೆ. ಅವರ ಕಡಲೆ ಹೊಲಕ್ಕೆ ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಗೂಟ ನೆಡಲು ಹೇಳಿದೆ. ಕಾಜಾಣ, ಮೈನಾ ಕೂತು ಕಾಯಿಕೊರೆಯುವ ಹುಳ ಹಿಡಿಯಲಿ ಅಂತ, ಕೃಷಿ ಇಲಾಖೆಯವರೂ ಹೇಳೋ ಮಾತೇ ಇದು. ಮಾವ ಹೋಗುವಾಗ ಅತ್ತಿ ಸಸಿ ಎರಡು ಕೇಳಿ ತೆಗೆದುಕೊಂಡು ಹೋದರು.

ಈ ಮಳೆಗಾಲಕ್ಕೆ ಮೇಲಿನ ಅಂಚಿನಲ್ಲಿ ಬಸರಿ ಮತ್ತು ಹೆಬ್ಬಲಸು ಹಾಕುವುದಿದೆ. ಹೆಬ್ಬಲಸು ಬೀಜ ಒಣಗಿದರೆ ಹುಟ್ಟುವುದಿಲ್ಲ, ಹಣ್ಣು ಬಿದ್ದ ಕೂಡಲೇ ತೊಳೆದು ಪಾಕೆಟ್‌ಗೆ ಹಾಕಬೇಕು. ಬಸರಿ ಕೊಂಬೆಯಿಂದಲೇ ಬರುತ್ತದೆ. ಕೈಗಾತ್ರದ, ಆಳೆತ್ತರದ ಕೊಂಬೆ ಆರಿಸಿ, ಮೇಲಿನ ತುದಿಗೆ ಸಗಣಿ ಮೆತ್ತಿ, ಮೊದಲ ಮಳೆ ಬಿದ್ದ ವಾರದಲ್ಲಿ ಎರಡು ಅಡಿ ಆಳಕ್ಕೆ ನೆಡಿ. ದನ ಬರುವ ಜಾಗ ಆದರೆ ಸುತ್ತ ಮುಳ್ಳು ಕಟ್ಟೋದು ಮರೆಯಬೇಡಿ, ಚಿಗುರು ಬಂದ ಮೊದಲ ವರ್ಷ ದಾಟಿದರೆ ಆಮೇಲೆ ಅದರ ಕಡೆ ನೋಡೋದೇ ಬೇಡ.